ವಿಮಾನ ಪ್ರಯಾಣ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿ

ಲಂಡನ್ನಿನಲ್ಲಿ ಬೆಳಿಗ್ಗೆ 11ಕ್ಕೆ ಹತ್ತಿದ ವಿಮಾನ ಮಧ್ಯಾಹ್ನ 2ಕ್ಕೆ ನ್ಯೂಯಾರ್ಕ್ ಮುಟ್ಟುತ್ತದೆ ಎಂದಿಟ್ಟುಕೊಳ್ಳಿ. ಬರುವಾಗ ರಾತ್ರಿ 9ಕ್ಕೆ ಹೊರಟರೆ ಇಳಿಯುವುದು ಮರುದಿನ ಬೆಳಿಗ್ಗೆ 9ಕ್ಕೆ. ಹೋಗಲು ಮೂರು ಗಂಟೆ, ಬರಲು ಹನ್ನೆರಡು ಗಂಟೆಯೇ? ಖಂಡಿತ ಅಲ್ಲ. ಇದನ್ನು ಬಿಡಿಸಲು ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು.

ಮೊದಲು ನಿಲ್ದಾಣ ಯಾವುದೆಂದು ಖಚಿತಪಡಿಸಿಕೊಳ್ಳಿ. ಲಂಡನ್ನಿಗೆ ಹೀಥ್ರೂ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್ ಎಂದು ಹಲವು ನಿಲ್ದಾಣಗಳಿವೆ. ಊರಿನ ಹೆಸರಿಗಿಂತ ಟಿಕೆಟ್ ಮೇಲಿನ ಮೂರಕ್ಷರದ ಕೋಡ್ ನಂಬಿ. ನಮ್ಮ ಉದಾಹರಣೆಗೆ ಹೀಥ್ರೂ (ಎಲ್‌ಎಚ್‌ಆರ್) ಮತ್ತು ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣ ಇರಲಿ.

ಈಗ ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ, ಲೆಕ್ಕ ತಪ್ಪುತ್ತದೆ. ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿ. ದಾರ ಉತ್ತರಕ್ಕೆ ಬಾಗಿದಂತೆ ಕಾಣುತ್ತದೆ. ಅದೇ ಮಹಾವೃತ್ತದ ದಾರಿ, ಗೋಳದ ಮೇಲೆ ಅತಿ ಹತ್ತಿರದ್ದು.

ಹೀಥ್ರೂ 51.47 ಡಿಗ್ರಿ ಉತ್ತರ, 0.45 ಪಶ್ಚಿಮ, ಜೆಎಫ್‌ಕೆ 40.64 ಉತ್ತರ, 73.78 ಪಶ್ಚಿಮ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಆಮೇಲೆ ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶಗಳ ವ್ಯತ್ಯಾಸದ ಕೊಸೈನನ್ನೂ ಗುಣಿಸಿ. ಎರಡು ಗುಣಲಬ್ಧಗಳನ್ನು ಕೂಡಿಸಿದರೆ 0.645 ಬರುತ್ತದೆ. ಕೊಸೈನ್ ಇಷ್ಟಿರುವ ಕೋನ ಸುಮಾರು 49.82 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ 5,540 ಕಿ.ಮೀ. (ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದ್ದರೆ ಉತ್ತರ ಕೆಡುತ್ತದೆ, ಡಿಗ್ರಿಗೆ ಬದಲಿಸಿಕೊಳ್ಳಿ.)

ಆದರೆ ವಿಮಾನ ಇದೇ ಗೆರೆ ಹಿಡಿದು ಹೋಗಬೇಕೆಂದಿಲ್ಲ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ, ಹತ್ತು ಗಂಟೆಯೊಳಗೆ ಮುಗಿಯುತ್ತಿದ್ದ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಸುಮಾರು 13 ಗಂಟೆಗೆ ಏರಿತು.

ಸಮಯದ ಲೆಕ್ಕದಲ್ಲಿ ಗಾಳಿಯೇ ಮುಖ್ಯ. ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಅಟ್ಲಾಂಟಿಕ್ ಮೇಲಿನ ಜೆಟ್ ಸ್ಟ್ರೀಮ್, ಅಂದರೆ ತುಂಬಾ ಎತ್ತರದಲ್ಲಿ ರಭಸದಿಂದ ಹರಿಯುವ ಗಾಳಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದು ಗಂಟೆಗೆ 100 ಕಿ.ಮೀ. ಎಂದುಕೊಂಡರೆ ನ್ಯೂಯಾರ್ಕ್ ಕಡೆಗೆ ವೇಗ 800, ಲಂಡನ್ ಕಡೆಗೆ 1,000. ಭಾಗಿಸಿದರೆ ಹೋಗಲು 6 ಗಂಟೆ 55 ನಿಮಿಷ, ಬರಲು 5 ಗಂಟೆ 32 ನಿಮಿಷ. ವಿಮಾನ ಮೇಲೇರಲು, ಕೆಳಗಿಳಿಯಲು ಅರ್ಧ ಗಂಟೆ ಸೇರಿಸಿ. 2020ರ ಫೆಬ್ರವರಿಯಲ್ಲಿ ಕಿಯಾರಾ ಬಿರುಗಾಳಿ ಬೆನ್ನಿಗಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ ನ್ಯೂಯಾರ್ಕಿನಿಂದ 4 ಗಂಟೆ 56 ನಿಮಿಷಕ್ಕೇ ಲಂಡನ್ ಸೇರಿತ್ತು. ಗಾಳಿಯ ಬಲ ಅಂಥದ್ದು.

ಟಿಕೆಟ್‌ನಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಕಾಣುವುದಕ್ಕೂ ಕಾರಣವಿದೆ. ಅದು ಗೇಟಿನಿಂದ ಗೇಟಿಗೆ ಹಿಡಿಯುವ ಸಮಯ. ರನ್‌ವೇ ಸರದಿ, ಇಳಿದ ಮೇಲಿನ ಓಡಾಟ, ತಡವಾದರೆ ಸರಿತೂಗಿಸಲು ಕಂಪನಿ ಬಿಟ್ಟ ನಿಮಿಷಗಳು ಎಲ್ಲವೂ ಅದರಲ್ಲಿವೆ. ಹಾಗಾಗಿ ಸುಮಾರು 8 ಮತ್ತು 7 ಗಂಟೆ.

ಉಳಿದದ್ದು ಗಡಿಯಾರ. ಟಿಕೆಟ್ ಮೇಲೆ ಇರುವುದು ಆಯಾ ಊರಿನ ಸಮಯ. ಲಂಡನ್ 5 ಗಂಟೆ ಮುಂದು. ಹೋಗುವಾಗ 3ಕ್ಕೆ 5 ಕೂಡಿಸಿದರೆ 8; ಬರುವಾಗ 12ರಲ್ಲಿ 5 ಕಳೆದರೆ 7. ಒಂದು ಎಚ್ಚರಿಕೆ: ಎರಡೂ ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಆಮೇಲೆ ಹಿಂದಿಡುತ್ತವೆ, ಆದರೆ ಒಂದೇ ದಿನ ಅಲ್ಲ. ಮಾರ್ಚ್‌ನಲ್ಲಿ ಎರಡು-ಮೂರು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಈ ಅಂತರ 4 ಗಂಟೆಯಷ್ಟೇ. ಆ ದಿನಗಳಲ್ಲಿ ಪ್ರಯಾಣವಿದ್ದರೆ ತಾರೀಖು ನೋಡಿಕೊಂಡೇ ಕೂಡಿ, ಕಳೆಯಿರಿ.