ತೊಗಲಿನ ದೀಪಕ್ಕೆ ತಣ್ಣನೆಯ ಬಲ್ಬು

ನಮ್ಮ ಮನೆಯಲ್ಲಿ ಅಲಂಕಾರದ ದೀಪಗಳು ಸ್ವಲ್ಪ ಜಾಸ್ತಿಯೇ. ಮೂಲೆಯಲ್ಲಿ ಆಂಧ್ರದ ನಿಮ್ಮಲಕುಂಟ ಊರಿನ ತೊಗಲಿನ ದೀಪ, ಮೇಜಿನ ಮೇಲೆ ಚನ್ನಪಟ್ಟಣದ ದೀಪ, ಹಾಲ್‌ನಲ್ಲಿ ಆರು ಬಲ್ಬಿನ ಗೊಂಚಲು ದೀಪ, ಬಾಗಿಲ ಹೊರಗೆ ಗಾಜಿನ ಗುಂಡು. ಅಡುಗೆಮನೆ, ಬಚ್ಚಲಿಗೆ ಎಲ್‌ಇಡಿ ಬಂದು ಎಷ್ಟೋ ವರ್ಷವಾಗಿತ್ತು. 2015ರ ಕೊನೆಗೆ ಶುರುವಾದ ಸರ್ಕಾರದ ‘ಹೊಸ ಬೆಳಕು’ ಯೋಜನೆಯ 9 ವ್ಯಾಟ್ ಬಲ್ಬು ಆಗಲೇ ಹಾಕಿಸಿದ್ದೆ. ಈ ದೀಪಗಳಲ್ಲಿ ಮಾತ್ರ ಹಳೇ ತಂತಿಯ ಬಲ್ಬೇ ಉಳಿದಿತ್ತು.

ಬದಲಾಯಿಸಲು ಹೊರಟಿದ್ದು ಕರೆಂಟ್ ಬಿಲ್ಲಿಗಾಗಿ ಅಲ್ಲ, ಬಿಸಿಗಾಗಿ. ತಂತಿ ಬಲ್ಬು ನುಂಗುವ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬಿಸಿಯಾಗಿಯೇ ಹೋಗುತ್ತದೆ. ತೊಗಲಿನ ದೀಪದ ಶೇಡ್ ಅಂದರೆ ಹದ ಮಾಡಿದ ಆಡಿನ ಚರ್ಮ. ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು, ಎರಡೂ ಕಡೆ ಬಣ್ಣ ಹಚ್ಚಿರುತ್ತಾರೆ. ನಮ್ಮದರಲ್ಲಿ ಬಲ್ಬಿಗೆ ಹತ್ತಿರವಿದ್ದ ನವಿಲಿನ ಚಿತ್ರದ ಕೊರಳು ಒಣಗಿ ಸುರುಟಿಕೊಳ್ಳುತ್ತಿತ್ತು. ಮುಟ್ಟಿದರೆ ಹಪ್ಪಳದ ಹಾಗೆ ಗಟ್ಟಿ. ಚನ್ನಪಟ್ಟಣದ ದೀಪಕ್ಕೂ ಇದೇ ಕಾಟ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಿಸಿಯಿಂದ ಹತ್ತಿದ ಬಣ್ಣ ಬಿಸಿ ಜಾಸ್ತಿಯಾದರೆ ಮೆತ್ತಗಾಗದೆ ಇರುತ್ತದೆಯೇ? ಕೈಕೆಲಸದವರು ಅಷ್ಟು ಶ್ರದ್ಧೆಯಿಂದ ಮಾಡಿದ್ದನ್ನು ನಾವು ಒಂದು ಬಲ್ಬಿನಿಂದ ಹಾಳು ಮಾಡಬಾರದು.

ಬಲ್ಬು ಕೊಳ್ಳುವಾಗ ನಾನು ಮೊದಲು ನೋಡಿದ್ದು ವ್ಯಾಟ್ ಅಲ್ಲ, ಬಣ್ಣ. ಡಬ್ಬಿಯ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ. 6500 ಅಂದರೆ ನೀಲಿ ಛಾಯೆಯ ಬಿಳಿ, 2700 ಅಂದರೆ ಹಳೇ ಬಲ್ಬಿನ ಬೆಚ್ಚಗಿನ ಹಳದಿ. ಅಂಗಡಿಯವರು ಕೇಳದೇ ಕೊಡುವುದು ಮೊದಲನೆಯದನ್ನೇ. ವಾರ್ಮ್ ವೈಟ್ ಬೇಕು ಅಂತ ನಾವೇ ಕೇಳಬೇಕು. ಅಷ್ಟೇ ಸಾಲದು. ಎಲ್‌ಇಡಿಯ ಬಿಳಿ ಬೆಳಕು ಹುಟ್ಟುವುದು ನೀಲಿ ಬೆಳಕು ಕೊಡುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್ ಮೇಲೆ ಹಳದಿ ಲೇಪ ಹಾಕಿ. ಅಗ್ಗದ ಬಲ್ಬಿನ ಬೆಳಕಿನಲ್ಲಿ ಕೆಂಪು ಕಡಿಮೆ. ತೊಗಲಿನ ದೀಪದಲ್ಲಿ ಕೆಂಪೇ ಜೀವ ಅಲ್ವಾ? ಬಲ್ಬಿನ ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅಂತ ಹೇಳುವ ಅಂಕಕ್ಕೆ ಸಿಆರ್‌ಐ ಅನ್ನುತ್ತಾರೆ, ನೂರಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಅದು 90ರ ಮೇಲಿರುವ ಬಲ್ಬು ಹುಡುಕಿ ತಂದೆ. ಅಂಗಡಿಗೆ ಒಂದು ಚೀಟಿಯಲ್ಲಿ ಕುಂಕುಮ ಒಯ್ದಿದ್ದೆ. ಎರಡು ಬಲ್ಬು ಉರಿಸಿ ಅದರ ಕೆಳಗೆ ಹಿಡಿದರೆ ಸಾಕು. ಒಂದರಲ್ಲಿ ಕುಂಕುಮ ಇಟ್ಟಿಗೆ ಪುಡಿಯಂತೆ ಮಂಕು, ಇನ್ನೊಂದರಲ್ಲಿ ಹಣೆಗಿಟ್ಟಷ್ಟೇ ಕೆಂಪು. ಅಂಗಡಿಯವರೂ ಕುತೂಹಲದಿಂದ ನೋಡಿದರು.

ಹೋಲ್ಡರ್ ವಿಷಯವನ್ನು ಮನೆಯಲ್ಲೇ ನೋಡಿಟ್ಟುಕೊಂಡು ಹೋಗಿ. ನಮ್ಮಲ್ಲಿ ಸಾಮಾನ್ಯ ದೀಪಕ್ಕೆ ಎರಡು ಪಿನ್ನಿನ ಬಿ22. ಅಲಂಕಾರದ ದೀಪಗಳಲ್ಲಿ ತಿರುಪಿನದು ಬರುತ್ತದೆ: ದಪ್ಪಗಿದ್ದರೆ ಇ27, ಸಣ್ಣದಾದರೆ ಇ14. ಹಳೇ ಬಲ್ಬನ್ನೇ ಜೇಬಿನಲ್ಲಿಟ್ಟುಕೊಂಡು ಹೋಗುವುದು ಇನ್ನೂ ಸುಲಭ.

ಗೊಂಚಲು ದೀಪದಲ್ಲಿ 40 ವ್ಯಾಟಿನ ಆರು ಬಲ್ಬು, ಒಟ್ಟು 240 ವ್ಯಾಟ್. ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ 36 ಯೂನಿಟ್. ಈಗ 4 ವ್ಯಾಟಿನ ಆರು, ಮೂರೂವರೆ ಯೂನಿಟ್ ಚಿಲ್ಲರೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು. ಹಾಗಾಗಿ ಇದು ಸಣ್ಣ ಉಳಿತಾಯವೇನಲ್ಲ. ಆದರೆ ಹಾಲಿನ ಬಣ್ಣದ ಪ್ಲಾಸ್ಟಿಕ್ ಬುರುಡೆಯ ಬಲ್ಬು ಹಾಕಿದರೆ ಗಾಜಿನ ಮಣಿಗಳು ಸತ್ತಂತೆ ಕಾಣುತ್ತವೆ. ಮಣಿ ಮಿನುಗಲು ಬೆಳಕು ಸಣ್ಣ ಜಾಗದಿಂದ ಬರಬೇಕು. ಅದಕ್ಕೇ ಮೇಣದಬತ್ತಿ ಆಕಾರದ, ಪಾರದರ್ಶಕ ಗಾಜಿನ ಫಿಲಮೆಂಟ್ ಎಲ್‌ಇಡಿ ಆರಿಸಿದೆ. ಅದರೊಳಗೆ ತಂತಿಯಂತೆ ಕಾಣುವುದು ಸಾಲಾಗಿ ಕೂರಿಸಿದ ಪುಟ್ಟ ಎಲ್‌ಇಡಿ ಚಿಪ್‌ಗಳು. ಸ್ವಲ್ಪ ದುಬಾರಿ, ಆದರೂ ಇದರಲ್ಲಿ ಜಿಪುಣತನ ಬೇಡ.

ಹಾಕಿದ ಮೇಲೆ ಚನ್ನಪಟ್ಟಣದ ದೀಪ ಸ್ವಿಚ್ ಆರಿಸಿದರೂ ರಾತ್ರಿ ಮಿಣುಕು ಮಿಣುಕಾಗಿ ಉರಿಯುತ್ತಿತ್ತು. ಬಲ್ಬಿನ ತಪ್ಪಲ್ಲ. ಸ್ವಿಚ್ಚಿನೊಳಗಿನ ಪುಟ್ಟ ಇಂಡಿಕೇಟರ್ ಉರಿಯಲು ಬೇಕಾದ ಕರೆಂಟು ಬಲ್ಬಿನ ಮೂಲಕವೇ ಹರಿಯುತ್ತದೆ. ತಂತಿ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿದ ಮೇಲೆ ನಿಂತಿತು. ಇಂಡಿಕೇಟರ್ ಇಲ್ಲದೆಯೂ ಹೀಗಾದರೆ ಸುಮ್ನೆ ಬಿಡಬೇಡಿ. ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಕೊಟ್ಟಿರಬಹುದು. ಆಗ ಆರಿಸಿದ ದೀಪದ ಹೋಲ್ಡರಿನಲ್ಲೂ ಕರೆಂಟ್ ಇರುತ್ತದೆ, ಮುಟ್ಟಿದರೆ ಹೊಡೆಯುತ್ತದೆ. ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬಲ್ಬು ಬದಲಾಯಿಸುವಾಗಲೂ ಮೇನ್ ಆಫ್ ಮಾಡಿಯೇ ಕೈ ಹಾಕಿ.

ಹೊರಗಿನ ಗಾಜಿನ ಗುಂಡು ಪೂರ್ತಿ ಮುಚ್ಚಿದ್ದು. ಎಲ್‌ಇಡಿ ತಣ್ಣಗಿದ್ದರೂ ಅದರ ಬುಡದಲ್ಲಿನ ಸರ್ಕ್ಯೂಟಿಗೆ ಗಾಳಿ ಬೇಕು, ಇಲ್ಲದಿದ್ದರೆ ಬೇಗ ಸುಟ್ಟುಹೋಗುತ್ತದೆ. ಅಲ್ಲಿಗೆ 3 ವ್ಯಾಟಿನದೇ ಸಾಕೆನಿಸಿತು, ಅದನ್ನೇ ಹಾಕಿದೆ.

ಉಳಿದಿದ್ದು ಗೊಂಚಲು ದೀಪದ ಬೆಳಕು ಹೆಚ್ಚು ಕಡಿಮೆ ಮಾಡುವ ಹಳೇ ಡಿಮ್ಮರ್. ಮಾಮೂಲಿ ಎಲ್‌ಇಡಿ ಅದಕ್ಕೆ ಹೊಂದುವುದಿಲ್ಲ, ಪಟಪಟ ಮಿಟುಕುತ್ತದೆ. ಡಿಮ್ ಆಗುವ ಎಲ್‌ಇಡಿ ಸಿಗುತ್ತದೆ, ಅದಕ್ಕೆ ತಕ್ಕ ಡಿಮ್ಮರ್ ಕೂಡ ಬೇಕಾಗುತ್ತದೆ. ನಾನು ಡಿಮ್ಮರ್ ತೆಗೆಸಿ, ಇನ್ನೊಂದು ವೈರ್ ಎಳೆಸಿ, ಎರಡು ಸ್ವಿಚ್ ಮಾಡಿಸಿದೆ. ಒಂದಕ್ಕೆ ಎರಡು ಬಲ್ಬು, ಇನ್ನೊಂದಕ್ಕೆ ನಾಲ್ಕು. ಟಿವಿ ನೋಡುವಾಗ ಎರಡು ಸಾಕು, ನೆಂಟರು ಬಂದಾಗ ಆರೂ ಉರಿಸುತ್ತೇವೆ.