ಕೊನೆಯ 22 ಪುಟಕ್ಕೆ ಹೊಲಿಗೆ ಹಾಕಿದ ಮೇಲೆ

ಹೋದ ಶುಕ್ರವಾರ ಬೆಳಗ್ಗೆ ರೈಲು ನಾಗನಹಳ್ಳಿ ದಾಟುವಾಗ, ನಮ್ಮ ಬೋಗಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದ ಪತ್ತೇದಾರಿ ಕಾದಂಬರಿಯನ್ನು ಕೊನೆಯವರು ವಾಪಸ್ ಕೊಟ್ಟರು. 14 ಜನ, ಒಂದೇ ಪ್ರತಿ, ಹೆಚ್ಚುಕಡಿಮೆ 4 ತಿಂಗಳು. ಕೊಲೆಗಾರ ಯಾರು ಅನ್ನುವುದು ಒಬ್ಬರ ಬಾಯಿಂದಲೂ ಹೊರಬೀಳಲಿಲ್ಲ. "ಪತ್ತೇದಾರಿ ಕಾದಂಬರಿಗೆ ಅಭಿಪ್ರಾಯ ಬರೆಸ್ತೀರಾ? ಮೂರನೇ ದಿನಕ್ಕೆ ಇಡೀ ಬೋಗಿಗೆ ಗೊತ್ತಾಗಿರುತ್ತೆ ಬಿಡಿ" ಎಂದಿದ್ದ ಮೇಷ್ಟ್ರು ಮುಂದಿನ ಪುಸ್ತಕಕ್ಕೆ ಮೊದಲು ಹೆಸರು ಬರೆಸಿದ್ದಾರೆ.

ನಾವೆಲ್ಲ ಮೈಸೂರು–ಮಂಡ್ಯ ಪಾಸಿನವರು. ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ. ಪುಸ್ತಕ ದಾಟಿಸುವುದು ಹೊಸದಲ್ಲ. ಗುಟ್ಟು ನಿಲ್ಲಿಸುವುದೇ ಕಷ್ಟ.

ಮೊದಲ ಸಲ ವಾಟ್ಸಾಪ್ ಗುಂಪು ಮಾಡಿದ್ದೆ. ಐದನೇ ದಿನ ಒಬ್ಬರು ಒಂದು ಪಾತ್ರದ ಹೆಸರು ಹಾಕಿ, "ಇವನ ಮೇಲೆ ನನಗೆ ಮೊದಲಿಂದಲೂ ಡೌಟಿತ್ತು" ಎಂದು ಬರೆದರು. ಅಲ್ಲಿಗೆ ಮುಗಿಯಿತು. ಎರಡನೇ ಸಲ ಎಲ್ಲರೂ ಬೇಗ ಮುಗಿಸಲಿ ಅಂತ 4 ಪ್ರತಿ ಕೊಂಡೆ. 700 ರೂಪಾಯಿ ಚಿಲ್ಲರೆ ಹೋಯಿತು, ಎರಡು ಪ್ರತಿ ಇವತ್ತಿಗೂ ವಾಪಸ್ ಬಂದಿಲ್ಲ. ಮೂರನೇ ಸಲ ಹಳೇ ಪುಸ್ತಕದ ಅಂಗಡಿಯಿಂದ 60 ರೂಪಾಯಿಗೆ ಒಂದೇ ಪ್ರತಿ ತಂದು, ಕೊನೆಯ ಹಾಳೆಗಳ ಅಂಚಿಗೆ ಗೋಂದು ಹಚ್ಚಿದೆ. ಬಿಡಿಸುವಾಗ ಕೊಲೆಗಾರ ಬಾಯಿ ಬಿಡುವ ಪುಟವೇ ಹರಿಯಿತು. ಜೊತೆಗೆ ಯಾರೋ ಮುಖ್ಯ ಸುಳಿವಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು. ಗೆರೆ ಎಳೆದರೂ ಗುಟ್ಟು ಹೇಳಿದ ಹಾಗೇ ಅಲ್ವಾ?

ಬೈಂಡಿಂಗ್ ಮಾಡುವ ಅಣ್ಣನ ಹತ್ತಿರ ಕೂತು ಮಾತಾಡಿದ ಮೇಲೆ ದಾರಿ ಸಿಕ್ಕಿತು. ಹಾಳೆಗೆ ಅಂಟೂ ಬೇಡ, ಸೂಜಿಯೂ ಬೇಡ. ಕೊನೆಯ 22 ಪುಟಕ್ಕೆ ಕಂದು ಕಾಗದ ಸುತ್ತಿ, ಆ ಕಾಗದದ ಅಂಚುಗಳನ್ನು ಮಾತ್ರ ದಾರದಲ್ಲಿ ಹೊಲಿಯುವುದು. ಒಬ್ಬರು ಮುಗಿಸಿದರೆ ಹೊಸ ಕಾಗದ, ಹೊಸ ಹೊಲಿಗೆ. ಒಂದು ಸಲಕ್ಕೆ 3 ರೂಪಾಯಿ ಬಿದ್ದಿರಬಹುದು. ಪ್ರತಿಯೊಬ್ಬರಿಂದ 50 ರೂಪಾಯಿ ಠೇವಣಿ. ಯಾರಾದರೂ ಬಿಚ್ಚಿ ಮತ್ತೆ ಹೊಲಿದರೆ ನನಗೆ ಗೊತ್ತಾಗುತ್ತದೆ. ಹೇಗೆ ಅಂತ ಬರೆಯುವುದಿಲ್ಲ, ಇದನ್ನು ನಮ್ಮ ಬೋಗಿಯವರೂ ಓದುತ್ತಾರೆ. ಯಾರ ಕೈಯಿಂದ ಯಾರ ಕೈಗೆ ಹೋಗಬೇಕು ಎಂಬ ಲೆಕ್ಕವನ್ನೂ ಇಟ್ಟುಕೊಳ್ಳುತ್ತೇನೆ.

ಆಮೇಲೆ ತಿಳಿಯಿತು, 1929ರಲ್ಲೇ ಅಮೆರಿಕದ ಹಾರ್ಪರ್ ಪ್ರಕಾಶನ ಪತ್ತೇದಾರಿ ಕಾದಂಬರಿಗಳ ಕೊನೆಯ ಭಾಗಕ್ಕೆ ಮೊಹರು ಹಾಕಿ ಮಾರಿತ್ತಂತೆ. ಮೊಹರು ಒಡೆಯದೆ ತಂದರೆ ದುಡ್ಡು ವಾಪಸ್. ನಾನು ಅದನ್ನು ನೋಡಿ ಮಾಡಿದ್ದಲ್ಲ. ಆದರೂ ನಮ್ಮವರಿಗೆ ಹೇಳಿದೆ: ಹೊಲಿಗೆ ಬಿಚ್ಚದೆ ಕೊಟ್ಟರೆ ಠೇವಣಿಯ ಮೇಲೆ ಇನ್ನೂ 50. ಒಬ್ಬರೂ ಕೇಳಲಿಲ್ಲ.

ಪುಸ್ತಕದ ಜೊತೆ ಒಂದು ನೋಟ್‌ಬುಕ್. 60ನೇ ಪುಟಕ್ಕೊಮ್ಮೆ, 130ಕ್ಕೊಮ್ಮೆ, ಹೊಲಿಗೆ ಬಿಚ್ಚುವ ಮೊದಲು ಒಮ್ಮೆ, ಕೊಲೆಗಾರ ಯಾರು ಎಂಬ ಅಭಿಪ್ರಾಯ ಬರೆಯಬೇಕು. ಪೆನ್ನಿನಲ್ಲೇ. ಬರೆದ ಹಾಳೆ ಮಡಚಿ ಪಿನ್ ಹೊಡೆಯಬೇಕು. ಮುಗಿದ ಮೇಲೆ ಅಭಿಪ್ರಾಯ ಕೇಳಿದರೆ ಎಲ್ಲರೂ ಜಾಣರೇ. ಪಿನ್ ತೆಗೆದ ದಿನ ನೋಡಬೇಕಿತ್ತು! 60ನೇ ಪುಟದಲ್ಲಿ 9 ಜನ ಅಳಿಯನನ್ನು ಹಿಡಿದಿದ್ದರು. ಕೊನೆಗೆ ಸರಿಯಾಗಿ ಹೇಳಿದವರು ಇಬ್ಬರೇ, ನರ್ಸ್ ಅಕ್ಕ ಮತ್ತು ಪಿಯುಸಿ ಓದುವ ಹುಡುಗಿ. "ರಾತ್ರಿ ಪಾಳಿ ಮಾಡಿದವರಿಗೆ ಆ ಔಷಧಿಯ ಟೈಮ್ ನೋಡಿದ ಕೂಡಲೇ ಗೊತ್ತಾಗುತ್ತೆ" ಎಂದು ಅಕ್ಕ ಬರೆದಿದ್ದರು. ನಾನು ಕಾದಂಬರಿಯ ಆ ಸಾಲನ್ನು ಎರಡು ಸಲ ಓದಿಯೂ ದಾಟಿ ಹೋಗಿದ್ದೆ.

ಒಂದು ಜಗಳ ಮಾತ್ರ ನೋಟ್‌ಬುಕ್‌ನಲ್ಲಿ ತೀರಲಿಲ್ಲ. ಕಥೆಯ ನಡುವೆ ಒಬ್ಬ ರೈಲಿನಿಂದ ಇಳಿದು, ಬೈಕಿನಲ್ಲಿ ಮುಂದಿನ ಸ್ಟೇಷನ್ ಮುಟ್ಟಿ ಅದೇ ರೈಲು ಹತ್ತುತ್ತಾನೆ. ಇದು ನಡುವಿನ ಅಧ್ಯಾಯದ ಮಾತು, ಹೇಳಿದರೆ ತಪ್ಪಿಲ್ಲ. ಸಾಧ್ಯವೇ ಇಲ್ಲ ಎಂದು ಬ್ಯಾಂಕಿನ ಅಣ್ಣ 2 ಪುಟ ಬರೆದಿದ್ದರು. ಒಂದು ಭಾನುವಾರ ಶ್ರೀರಂಗಪಟ್ಟಣದಲ್ಲಿ ಇಳಿದು ಪಾಂಡವಪುರಕ್ಕೆ ಬೈಕ್ ಓಡಿಸಿದೆವು. ರೈಲಿನ ಹಿಂಭಾಗ ಕಂಡಿತು. ಮುಂದಿನ ಭಾನುವಾರ ಮತ್ತೆ ಹೋದೆವು, ಅವತ್ತೂ ತಪ್ಪಿತು. ಪೆಟ್ರೋಲ್, ಟಿಕೆಟ್ ಸೇರಿ 300 ಆಗಿರಬೇಕು. ಸ್ಟೇಷನ್‌ಗಳ ನಡುವೆ ದೂರ ಜಾಸ್ತಿ ಇದ್ದು, ರೈಲು ತಡವಾದರೆ ಆಗಬಹುದು ಎಂಬುದು ಈಗಲೂ ನನ್ನ ಅಭಿಪ್ರಾಯ. ಅಣ್ಣ ಒಪ್ಪಿಲ್ಲ.

ಮುಂದಿನದು ಎನ್. ನರಸಿಂಹಯ್ಯನವರದು. 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರು. ಆದರೆ ಕೊನೆಯ ಹಾಳೆ ಉಳಿದಿರುವ ಹಳೇ ಪ್ರತಿಗೆ 3 ಭಾನುವಾರ ಅಲೆದೆ. ಒಂದು ಸಿಕ್ಕಿದೆ, 120 ರೂಪಾಯಿ. ಪುಟ ಪೂರ್ತಿ ಇವೆಯಾ ಅಂತ ಬೈಂಡಿಂಗ್ ಅಣ್ಣನ ಕೈಲೇ ಎಣಿಸಿ, ನಾನು ನೋಡುವ ಮೊದಲೇ ಹೊಲಿಸಿದ್ದೇನೆ.