ಕೆರೆ ದಂಡೆಯ ಕೆಲಸ, ಟ್ರೇಲರ್‌ನಲ್ಲಿ ಸಂಸಾರ

ಕ್ಯಾಂಪ್‌ಗ್ರೌಂಡ್ ಹೋಸ್ಟ್, ಅಂದರೆ ಜನ ಟೆಂಟ್ ಹಾಕಿ ತಂಗುವ ಜಾಗದಲ್ಲೇ ಇದ್ದು ಅದನ್ನು ನೋಡಿಕೊಳ್ಳುವವರು ನಾವು ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: "ಬಾಡಿಗೆ ಕೊಡದೆ ಕೆರೆ ಪಕ್ಕದಲ್ಲೇ ಇರಬಹುದಂತೆ, ಹೌದಾ?" ಹೌದು, ಇರಬಹುದು. ಜೊತೆಗೆ ಕಕ್ಕಸು ತೊಳೆಯುವ ಕೆಲಸವೂ ಇದೆ. ಅದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಜನ ಮಾತು ಬದಲಾಯಿಸುತ್ತಾರೆ. ಮೈಸೂರಿನಲ್ಲಿರುವ ನಮ್ಮಕ್ಕ ಅಂತೂ ಫೋನಿನಲ್ಲಿ, "ಅಲ್ವೇ, ಅದನ್ನ ತೊಳೆಯೋಕೆ ಅಮೆರಿಕಾದವರೆಗೂ ಹೋಗ್ಬೇಕಿತ್ತಾ?" ಅಂದಳು.

ನಾನು, ನಮ್ಮ ಯಜಮಾನರು ಇಬ್ಬರೂ ಪೋರ್ಟ್‌ಲ್ಯಾಂಡ್ ಕಡೆ ಕೆಲಸ ಮಾಡಿ ನಿವೃತ್ತರಾದವರು. ಈಗ ಬೇಸಿಗೆ ಬಂದರೆ ಒರೆಗಾನ್ ರಾಜ್ಯದಲ್ಲಿರುವ ಕೇಂದ್ರ ಸರ್ಕಾರದ ಕಾಡು ಡೆಶೂಟ್ಸ್ ನ್ಯಾಷನಲ್ ಫಾರೆಸ್ಟ್‌ಗೆ ಟ್ರೇಲರ್, ಅಂದರೆ ಟ್ರಕ್ಕಿಗೆ ಕಟ್ಟುವ ಚಕ್ರದ ಮನೆ, ಎಳೆದುಕೊಂಡು ಹೋಗುತ್ತೇವೆ. ಬೆಂಡ್ ಊರಿನಿಂದ ಮೇಲಕ್ಕೆ ಹತ್ತುವ ಕ್ಯಾಸ್ಕೇಡ್ ಲೇಕ್ಸ್ ಹೈವೇ ಪಕ್ಕ ಸಾಲಾಗಿ ಕೆರೆಗಳಿವೆ. ಅದರಲ್ಲೊಂದರ ದಂಡೆಯಲ್ಲಿ ನಮ್ಮ ಠಿಕಾಣಿ. ಎತ್ತರ ಸುಮಾರು 4,800 ಅಡಿ. ಚಳಿಗಾಲದಲ್ಲಿ ಹಿಮ ಬಿದ್ದು ಮೇಲಿನ ರಸ್ತೆಯನ್ನೇ ಮುಚ್ಚುತ್ತಾರೆ. ಸಾಮಾನ್ಯವಾಗಿ ಮೇ ಕೊನೆಯ ಹೊತ್ತಿಗೆ ತೆರೆಯುತ್ತಾರೆ. ಹಿಮ ಕರಗಿದ ನೀರು ಅಲ್ಲಲ್ಲಿ ನಿಂತು ಜೂನ್, ಜುಲೈಯಲ್ಲಿ ಸೊಳ್ಳೆಯೋ ಸೊಳ್ಳೆ. ಫೋಟೋದಲ್ಲಿ ಅದು ಕಾಣಿಸುವುದಿಲ್ಲ.

ಈ ಕೆಲಸದಲ್ಲಿ ಎರಡು ಬಗೆ. ಒರೆಗಾನ್ ಸ್ಟೇಟ್ ಪಾರ್ಕ್‌ಗಳಲ್ಲಿ ಹೋಸ್ಟ್‌ಗಳು ಸ್ವಯಂಸೇವಕರು. ವಾರಕ್ಕೆ ಇಷ್ಟು ಗಂಟೆ ಅಂತ ಕೆಲಸ, ಅದಕ್ಕೆ ಬದಲಾಗಿ ಟ್ರೇಲರ್ ನಿಲ್ಲಿಸಲು ಜಾಗ, ಕರೆಂಟು, ನೀರು. ನ್ಯಾಷನಲ್ ಫಾರೆಸ್ಟ್‌ನ ಎಷ್ಟೋ ಕ್ಯಾಂಪ್‌ಗ್ರೌಂಡ್‌ಗಳನ್ನು ಖಾಸಗಿ ಗುತ್ತಿಗೆದಾರರು ನಡೆಸುತ್ತಾರೆ. ಅಲ್ಲಿ ಗಂಟೆ ಲೆಕ್ಕದಲ್ಲಿ ಸಂಬಳ ಉಂಟು, ಆದರೆ ಕರೆಂಟು ಇರುವುದು ಕಮ್ಮಿ. ನಮ್ಮದು ಎರಡನೇ ಬಗೆ. ಟ್ರಕ್ಕಿನ ಪೆಟ್ರೋಲ್, ಒಲೆಯ ಪ್ರೊಪೇನ್ ಗ್ಯಾಸ್, ವಾರಕ್ಕೊಮ್ಮೆ ಬೆಂಡ್‌ಗೆ ಹೋಗಿ ತರುವ ದಿನಸಿ ಎಲ್ಲ ಕಳೆದರೆ ದೊಡ್ಡದಾಗಿ ಏನೂ ಉಳಿಯುವುದಿಲ್ಲ. ದುಡ್ಡು ಮಾಡಬೇಕು ಅನ್ನುವವರಿಗೆ ಇದು ಅಲ್ಲವೇ ಅಲ್ಲ.

ಬೆಳಗಿನ ಮೊದಲ ಕೆಲಸ ಟಾಯ್ಲೆಟ್. ಇಲ್ಲಿನವು ವಾಲ್ಟ್ ಟಾಯ್ಲೆಟ್. ಅಂದರೆ ನೀರೇ ಇಲ್ಲ, ಫ್ಲಷ್ ಇಲ್ಲ, ಕೆಳಗೆ ದೊಡ್ಡ ಕಾಂಕ್ರೀಟ್ ತೊಟ್ಟಿ. ಕಟ್ಟಡದ ಹಿಂದೆ ದಪ್ಪನೆಯ ಕಪ್ಪು ಕೊಳವೆಯೊಂದು ಚಾವಣಿ ದಾಟಿ ಮೇಲಕ್ಕೆ ಹೋಗಿರುತ್ತದೆ. ಬಿಸಿಲಿಗೆ ಆ ಕೊಳವೆ ಕಾದು ಒಳಗಿನ ಗಾಳಿ ಮೇಲೇರುತ್ತದೆ. ಆಗ ಕೋಣೆಯ ಗಾಳಿ ತೊಟ್ಟಿಗೆ ಇಳಿದು, ಅಲ್ಲಿಂದ ಕೊಳವೆ ಹಿಡಿದು ಆಚೆ ಹೋಗುತ್ತದೆ. ಹಾಗಾಗಿ ವಾಸನೆ ನಮ್ಮ ಮೂಗಿಗೆ ಬರುವ ಬದಲು ಮರದ ತುದಿಗೆ ಹೋಗುತ್ತದೆ. ಯಾರಾದರೂ ಬಾಗಿಲಿಗೆ ಕಲ್ಲು ಕೊಟ್ಟು ತೆರೆದಿಟ್ಟರೆ ಈ ಗಾಳಿಯ ದಾರಿ ಕೆಡುತ್ತದೆ. ಜನ ಗಾಳಿಯಾಡಲಿ ಅಂತ ಒಳ್ಳೆ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆ, ಪಾಪ. ನಾನು ದಿನಾ ಆ ಕಲ್ಲು ತೆಗೆಯುತ್ತೇನೆ.

ತೊಳೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಒಣ ಕಸ ಗುಡಿಸಬೇಕು. ಆಮೇಲೆ ಗೋಡೆ, ಬಾಗಿಲ ಹಿಡಿ, ಸೀಟು. ನೆಲ ಕೊನೆಗೆ. ನೀರು ಆದಷ್ಟು ಕಮ್ಮಿ, ಯಾಕಂದರೆ ಸುರಿದ ನೀರೆಲ್ಲ ತೊಟ್ಟಿ ಸೇರಿ ಅದು ಬೇಗ ತುಂಬುತ್ತದೆ. ಡೈಪರ್, ಬಿಯರ್ ಕ್ಯಾನ್ ಒಳಗೆ ಬಿದ್ದರೆ ತೊಟ್ಟಿ ಖಾಲಿ ಮಾಡಲು ಬರುವ ಲಾರಿಯ ಪೈಪು ಕಟ್ಟಿಕೊಳ್ಳುತ್ತದೆ. ಅದಕ್ಕೇ ಕೈಗೆ ಸಿಗುವಷ್ಟನ್ನು ಉದ್ದನೆಯ ಕೊಕ್ಕೆಯಿಂದ ತೆಗೆಯುತ್ತೇವೆ. ಈ ಭಾಗ ಯಜಮಾನರದು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇಂಥ ಹಂಚಿಕೆಗೆ ಚರ್ಚೆ ಬೇಕಾಗಲಿಲ್ಲ.

ಆಮೇಲೆ ಖಾಲಿಯಾದ ಸೈಟ್‌ಗಳ, ಅಂದರೆ ಒಂದೊಂದು ಗುಂಪು ತಂಗುವ ಜಾಗಗಳ, ಬೆಂಕಿ ಗುಂಡಿ. ಜನ ಹೊರಡುವಾಗ ಒಂದು ಬಾಟಲಿ ನೀರು ಚಿಮುಕಿಸಿ ಆರಿತು ಅಂದುಕೊಳ್ಳುತ್ತಾರೆ. ಮೇಲೆ ಬೂದಿ ತಣ್ಣಗಿರುತ್ತದೆ, ಕೆಳಗೆ ಕೆಂಡ ಹಾಗೇ ಇರುತ್ತದೆ. ಬಕೆಟ್ ನೀರು ಸುರಿದು, ಸಲಿಕೆಯಿಂದ ತಳದವರೆಗೆ ಕೆದಕಿ, ಮತ್ತೆ ಸುರಿಯಬೇಕು. ಬುಸ್ ಅನ್ನುವ ಸದ್ದು ನಿಲ್ಲಬೇಕು. ಕೊನೆಗೆ ಅಂಗೈ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಬೇಕು. ಸ್ವಲ್ಪ ಬಿಸಿ ತಾಗಿದರೂ ಇನ್ನೊಂದು ಬಕೆಟ್. ಪೈನ್ ಮರದ ಸೂಜಿಯಂಥ ಒಣ ಎಲೆಗಳು ಹಾಸಿದ ನೆಲದಲ್ಲಿ ಇದೊಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಸೌದೆಯನ್ನೂ ಊರಿಂದ ತರಬೇಡಿ ಅಂತ ಹೇಳುತ್ತಲೇ ಇರುತ್ತೇವೆ. ಸೌದೆಯೊಳಗೆ ಮರ ಕೊರೆಯುವ ಹುಳುಗಳು ಸವಾರಿ ಮಾಡುತ್ತವೆ. ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ಹುಳು 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾಗಿತ್ತು. 2022ರಲ್ಲಿ ಒರೆಗಾನ್‌ನ ಫಾರೆಸ್ಟ್ ಗ್ರೋವ್‌ಗೂ ಬಂತು. ಅದು ನಮ್ಮ ಪೋರ್ಟ್‌ಲ್ಯಾಂಡ್ ಮನೆಯಿಂದ ಏನೂ ದೂರವಲ್ಲ.

ದುಡ್ಡಿನ ವ್ಯವಹಾರ ಸುಲಭ. ರಿಸರ್ವೇಶನ್ ಮಾಡದೆ ಬಂದವರು ಲಕೋಟೆಯಲ್ಲಿ ಹಣ ಹಾಕಿ ಕಬ್ಬಿಣದ ಡಬ್ಬದೊಳಗೆ ತಳ್ಳುತ್ತಾರೆ. ಲಕೋಟೆಯಿಂದ ಹರಿದ ಚೀಟಿಯನ್ನು ಸೈಟಿನ ಕಂಬಕ್ಕೆ ಸಿಕ್ಕಿಸುತ್ತಾರೆ. ಆ ಡಬ್ಬಕ್ಕೆ ಇಲ್ಲಿ ಐರನ್ ರೇಂಜರ್ ಅಂತ ಹೆಸರು. ವಾದ ಶುರುವಾಗುವುದು ಸೀನಿಯರ್ ಪಾಸ್ ಬಗ್ಗೆ. 62 ತುಂಬಿದ ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಸಿಗುವ, ಕೇಂದ್ರ ಸರ್ಕಾರದ ಕಾಡು, ಪಾರ್ಕ್‌ಗಳಲ್ಲಿ ಜೀವನಪೂರ್ತಿ ನಡೆಯುವ ಪಾಸು. 2017ರವರೆಗೆ 10 ಡಾಲರ್ ಇತ್ತು, ಆಮೇಲೆ 80 ಆಯಿತು. ಸೈಟಿನ ಬಾಡಿಗೆ ಅರ್ಧ ಆಗುತ್ತದೆ, ಆದರೆ ನಮ್ಮಲ್ಲಿ ಎರಡನೇ ಕಾರಿಗೆ ಬೇರೆ ಹಣ ಕೊಡಬೇಕು, ಅದಕ್ಕೆ ಪಾಸು ನಡೆಯುವುದಿಲ್ಲ. ಇದನ್ನು ವಿವರಿಸುವಷ್ಟರಲ್ಲಿ ಒಲೆ ಮೇಲಿಟ್ಟ ಹಾಲು ಉಕ್ಕಿರುತ್ತದೆ.

ಕಾರಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಒಂದು ಶನಿವಾರ ನಮ್ಮವರದೇ ದೊಡ್ಡ ಗುಂಪು ಬಂತು. ಒಂದು ಸೈಟಿಗೆ ಮೂರು ಕಾರು. ನಾನು ಕ್ಲಿಪ್‌ಬೋರ್ಡ್ ಹಿಡಿದು ಹತ್ತಿರ ಹೋಗುವಾಗ ಒಬ್ಬರು, "ಸುಮ್ನೆ ಆ ಮರದ ಹಿಂದೆ ನಿಲ್ಸಿ, ಯಾರು ನೋಡ್ತಾರೆ?" ಅಂದರು. "ನಾನೇ ನೋಡ್ತೀನಿ ಸಾರ್, ಬನ್ನಿ, ಇನ್ನೊಂದು ಕಡೆ ಜಾಗ ತೋರಿಸ್ತೀನಿ" ಅಂದೆ. ಅವರ ಹೆಂಡತಿ ನಕ್ಕು ನಕ್ಕು ಕುರ್ಚಿಯಲ್ಲೇ ಕೂತುಬಿಟ್ಟರು. ಸಂಜೆ ನಮ್ಮ ಟ್ರೇಲರ್‌ಗೆ ಪುಳಿಯೋಗರೆ ಬಂತು. ಕಾರಿನ ಹಣವೂ ಬಂತು.

ಹೋಸ್ಟ್‌ಗೆ ದಂಡ ಹಾಕುವ ಅಧಿಕಾರ ಇಲ್ಲ. ಇರುವುದು ಬಾಯಿ ಮಾತ್ರ. ರಾತ್ರಿ ಹತ್ತರ ಮೇಲೆ ಗಲಾಟೆ ಇದ್ದರೆ ನಾವು ಇಬ್ಬರೂ ಒಟ್ಟಿಗೆ ಹೋಗುತ್ತೇವೆ. ಸೈಟಿನ ಅಂಚಿನಲ್ಲೇ ನಿಲ್ಲುತ್ತೇವೆ, ಟಾರ್ಚ್ ಬೆಳಕು ನೆಲಕ್ಕೆ. ಮುಖಕ್ಕೆ ಬೆಳಕು ಬಿಟ್ಟರೆ ಕುಡಿದವರು ರೇಗುತ್ತಾರೆ. ನಿಯಮದ ಮಾತು ಮೊದಲು ಎತ್ತುವುದಿಲ್ಲ. "ಮೀನು ಸಿಕ್ತಾ ಇವತ್ತು?" ಅಂತ ಶುರುಮಾಡಿ, ಪಕ್ಕದ ಸೈಟಿನಲ್ಲಿ ಸಣ್ಣ ಮಗು ಮಲಗಿದೆ ಅನ್ನುತ್ತೇವೆ. ಹೆಚ್ಚಿನವರು ಅಷ್ಟಕ್ಕೇ ತಗ್ಗುತ್ತಾರೆ. ತಗ್ಗದಿದ್ದರೆ ವಾದ ಬೇಡ, ತಿರುಗಿ ಬಂದು ಅಧಿಕಾರ ಇರುವವರಿಗೆ ಫೋನ್ ಮಾಡುವುದು. ಫೋನ್ ಸಿಗ್ನಲ್‌ಗಾಗಿ ಟ್ರಕ್ಕಿನಲ್ಲಿ ಸ್ವಲ್ಪ ದೂರ ಹೋಗಬೇಕು ಅನ್ನುವುದು ಬೇರೆ ಮಾತು.

ಇನ್ನು ಟ್ರೇಲರ್. ಉದ್ದ 24 ಅಡಿ. ಅದರೊಳಗೆ ಹಾಸಿಗೆ, ಅಡುಗೆಕಟ್ಟೆ, ಬಚ್ಚಲು, ದೇವರ ಫೋಟೋ. ಸಂಸಾರ ನಡೆಯುವುದು ಮೂರು ಟ್ಯಾಂಕಿನ ಲೆಕ್ಕದಲ್ಲಿ: ಒಳ್ಳೆ ನೀರು, ಪಾತ್ರೆ ಮತ್ತು ಸ್ನಾನದ ಗ್ರೇ ಟ್ಯಾಂಕ್, ಕಕ್ಕಸಿನ ಬ್ಲ್ಯಾಕ್ ಟ್ಯಾಂಕ್. ಮೊದಲು ತುಂಬುವುದು ಯಾವಾಗಲೂ ಗ್ರೇ. ಅದಕ್ಕೆ ಪಾತ್ರೆಯನ್ನು ಪೇಪರ್‌ನಿಂದ ಒರೆಸಿ ಆಮೇಲೆ ತೊಳೆಯುತ್ತೇವೆ, ಸ್ನಾನಕ್ಕೆ ಒಂದು ಬಕೆಟ್ಟು ಒಂದು ಚೊಂಬು. ಶವರ್‌ಗಿಂತ ಇದೇ ವಾಸಿ. ಟ್ಯಾಂಕ್ ಖಾಲಿ ಮಾಡುವಾಗ ಬ್ಲ್ಯಾಕ್ ಮೊದಲು, ಗ್ರೇ ಆಮೇಲೆ. ಸೋಪಿನ ನೀರು ಹಿಂದಿನಿಂದ ಬಂದು ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ಕರೆಂಟು ಸೋಲಾರ್‌ನಿಂದ. ಆದರೆ ಪೈನ್ ಮರದ ನೆರಳಲ್ಲಿ ಚಾವಣಿಯ ಪ್ಯಾನಲ್ ಅಷ್ಟಕ್ಕಷ್ಟೇ. ಹಾಗಾಗಿ ಎತ್ತಿಡಬಹುದಾದ ಪ್ಯಾನಲ್ ಒಂದನ್ನು ಉದ್ದ ವೈರಿಗೆ ಕಟ್ಟಿ ಬಿಸಿಲು ಹೋದ ಕಡೆ ಸರಿಸುತ್ತೇವೆ. ಮಿಕ್ಸಿ ಹಾಕುವುದು ಮಧ್ಯಾಹ್ನ ಮಾತ್ರ. ಫ್ರಿಜ್ ಪ್ರೊಪೇನ್‌ನಲ್ಲಿ ಓಡುತ್ತದೆ. ಇಂಥ ಫ್ರಿಜ್‌ಗೆ ಟ್ರೇಲರ್ ಸಮನಾಗಿ ನಿಂತಿರಬೇಕು, ವಾಲಿದ್ದರೆ ತಣ್ಣಗಾಗುವುದಿಲ್ಲ. ಅದಕ್ಕೇ ಬಂದ ದಿನ ಮಟ್ಟಗೋಲು ಇಟ್ಟು ನೋಡದೆ ಸಾಮಾನು ಇಳಿಸುವುದಿಲ್ಲ.

ಅಡುಗೆಗೆ ಕುಕ್ಕರ್ ಇಲ್ಲದೆ ಇಲ್ಲಿ ಬದುಕಿಲ್ಲ. ಈ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯದೆ ಕೂತೇ ಇರುತ್ತದೆ. ಕುಕ್ಕರ್ ಸೀಟಿ ಕೇಳಿ ಒಬ್ಬರು ಗ್ಯಾಸ್ ಸೋರುತ್ತಿದೆ ಅಂತ ಓಡಿ ಬಂದಿದ್ದರು, ಸಾರು ಕುಡಿದು ಹೋದರು. ದೋಸೆ ಹಿಟ್ಟೇ ಕಷ್ಟ. ಜೂನ್ ರಾತ್ರಿಯ ಚಳಿಗೆ ಹಿಟ್ಟು ಉಬ್ಬುವುದೇ ಇಲ್ಲ. ಐಸ್ ಹಾಕದ ಐಸ್‌ಪೆಟ್ಟಿಗೆಯೊಳಗೆ ಹಿಟ್ಟಿನ ಪಾತ್ರೆ, ಪಕ್ಕದಲ್ಲಿ ಎರಡು ಬಾಟಲಿ ಬಿಸಿನೀರು, ಮೇಲೆ ಕಂಬಳಿ. ಬೆಳಿಗ್ಗೆಗೆ ಉಕ್ಕಿರುತ್ತದೆ. ಒಗ್ಗರಣೆ ಹೊರಗಿನ ಒಲೆಯಲ್ಲಿ. ಆದರೆ ಬಾಣಲೆಯನ್ನು ಹೊರಗೆ ಬಿಟ್ಟು ಮಲಗುವುದಿಲ್ಲ. ಈ ಕಾಡಲ್ಲಿ ಕರಡಿ ಉಂಟು, ಇಲಿಯಂತೂ ಧಾರಾಳ.

ಆಗಸ್ಟ್ ಬೇರೆಯದೇ ತಿಂಗಳು. ಮಳೆಯಿಲ್ಲದ ಸಿಡಿಲು ಹೊಡೆದರೆ ಎಲ್ಲೋ ಒಂದು ಕಡೆ ಕಾಡು ಹತ್ತಿಕೊಳ್ಳುತ್ತದೆ, ಬೆಳಿಗ್ಗೆ ಎದ್ದರೆ ಕೆರೆಯ ಆಚೆ ದಡ ಹೊಗೆಯಲ್ಲಿ ಕಾಣುವುದಿಲ್ಲ. ಒಣ ಜಾಸ್ತಿಯಾದರೆ ಕ್ಯಾಂಪ್‌ಫೈರ್ ಪೂರ್ತಿ ನಿಷೇಧ, ಪ್ರೊಪೇನ್ ಒಲೆ ಮಾತ್ರ. ದೂರದಿಂದ ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಬೆಂಕಿ ಹಾಕುವಂತಿಲ್ಲ ಅನ್ನುವುದು ಟಾಯ್ಲೆಟ್ ತೊಳೆಯುವುದಕ್ಕಿಂತ ಕಷ್ಟ. ಒರೆಗಾನ್‌ನಲ್ಲಿ ಜನರನ್ನು ತೆರವು ಮಾಡಿಸುವುದಕ್ಕೆ ಮೂರು ಹಂತಗಳಿವೆ: ಒಂದು ಅಂದರೆ ತಯಾರಾಗಿರಿ, ಎರಡು ಅಂದರೆ ಯಾವ ಕ್ಷಣದಲ್ಲಾದರೂ ಹೊರಡಬೇಕು, ಮೂರು ಅಂದರೆ ಈಗಲೇ ಹೊರಡಿ. ಆ ತಿಂಗಳಲ್ಲಿ ನಮ್ಮ ಟ್ರಕ್ಕಿನ ಮುಖ ಸದಾ ರಸ್ತೆ ಕಡೆಗೆ, ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ, ಪಾಸ್‌ಪೋರ್ಟು, ಔಷಧಿ ಒಂದೇ ಚೀಲದಲ್ಲಿ. ಯಾವ ಸೈಟಿನಲ್ಲಿ ಯಾರಿದ್ದಾರೆ ಅನ್ನುವ ಪಟ್ಟಿ ಕ್ಲಿಪ್‌ಬೋರ್ಡಿನಲ್ಲಿ ಇರಲೇಬೇಕು. ಮೂರನೇ ಹಂತ ಬಂದರೆ ಬಾಗಿಲು ತಟ್ಟುತ್ತಾ ಹೋಗಬೇಕಾದವರು ನಾವೇ ತಾನೇ.

ಮಾಡಬೇಕು ಅನ್ನಿಸಿದವರಿಗೆ ಒಂದೆರಡು ಮಾತು. ಮಗ ಮಗಳ ಮನೆಗೆ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರಿಗೆ ಇದು ಬೇಡ. ಜಾಗ ಕೊಟ್ಟು ಕೆಲಸ ತಗೊಳ್ಳೋದು ಬರೀ ಸೇವೆ ಅಲ್ಲ, ತೊಂದರೆಗೆ ಸಿಕ್ಕಿಹಾಕಿಕೊಳ್ಳಬಹುದು. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದವರು ವಾಲಂಟಿಯರ್ ಡಾಟ್ ಗವ್ ತಾಣದಲ್ಲಿ ಹುಡುಕಬಹುದು. ಗುತ್ತಿಗೆದಾರರಿಗೂ ನೇರವಾಗಿ ಬರೆಯಬಹುದು. ಮೊದಲ ವರ್ಷ ಕರೆಂಟು, ನೀರು ಇರುವ ಸ್ಟೇಟ್ ಪಾರ್ಕ್ ಹಿಡಿಯಿರಿ. ಗಂಡ ಹೆಂಡತಿ ಇಬ್ಬರೂ ಟ್ರೇಲರ್ ಹಿಂದಕ್ಕೆ ತಗೊಳ್ಳೋದು ಕಲಿತಿರಿ. ಚಳಿಗಾಲದಲ್ಲೇ ಅರ್ಜಿ ಹಾಕಿ, ಏಪ್ರಿಲ್‌ವರೆಗೆ ಕಾದರೆ ಒಳ್ಳೊಳ್ಳೆ ಕೆರೆಗಳೆಲ್ಲ ಹಳಬರ ಪಾಲಾಗಿರುತ್ತವೆ.